ರಶೀದಿ ಬೇಡ ಅಂದ

ಸಾಲಗಾಮೆ ರಸ್ತೆಯ ಹಾಸ್ಟೆಲ್ ಹುಡುಗ, ಹೆಸರು ಚಿರಂತ್,
ರಶೀದಿ ಬೇಡ ಅಂದ, ಬಾಗಿಲು ಸ್ವಲ್ಪ ಮುಂದಕ್ಕೆ ಹಾಕ್ಲಾ ಅಂದ,
ಕೌಂಟರಿನ ಮೇಲೆ ಕರ್ಚೀಫಿನ ಗಂಟು ಬಿಚ್ಚಿದ.
ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ಉದ್ದ,
ಜೀರುಂಡೆ ಬೆನ್ನಿನ ಹಸಿರು.
'ಸೆಕೆಂಡ್ ಹ್ಯಾಂಡು ಅಂಕಲ್. ಎರಡೂವರೆ ಸಾವಿರ ಹೇಳ್ತಿದಾನೆ.
ತಗೊಳ್ಬಹುದಾ, ಬಿಚ್ಚಿ ನೋಡಿ ಹೇಳಿ, ಸಾಕು.'

ನಾನು ಜಿಲ್ಲಾಸ್ಪತ್ರೆ ಎದುರಿನ ನೆಬುಲೈಸರ್ ರಿಪೇರಿಯವನು.
ಬಿ.ಪಿ. ಯಂತ್ರ, ಆಕ್ಸಿಜನ್ ಡಬ್ಬ, ಒಮ್ಮೊಮ್ಮೆ ಮಿಕ್ಸಿ.
ಇದನ್ನು ಮಾರೋದು ತಪ್ಪು ಅಂತ ಗೊತ್ತು. ಅವನಿಗೂ ಗೊತ್ತು.
ಸ್ಕ್ರೂ ಕಂಡ ಕೈ, ಕೇಳಬೇಕಲ್ಲ.

ಸುಳ್ಳು ಹೇಳಬಾರದು, ಕೆಲಸ ಅಚ್ಚುಕಟ್ಟು.
ಪಾಡ್ ಅಯಸ್ಕಾಂತಕ್ಕೆ ಟಕ್ಕನೆ ಕೂರುತ್ತೆ.
ಮಗ್ಗುಲಲ್ಲಿ ರಬ್ಬರ್ ಬಿರಡೆ, ತೆಗೆದು ರಸ ತುಂಬಬಹುದು,
ತಲೆಕೆಳಗು ಹಿಡಿದೆ, ಒಂದು ಹನಿ ಒಸರಲಿಲ್ಲ.
ಗಾಳಿಗೆ ಸಣ್ಣದೊಂದು ಜಾರುಗದ.
ಕಾಯಿಲ್ ಸೊನ್ನೆ ಪಾಯಿಂಟ್ ಎಂಟು ಓಮ್ ಅಂತ ಬರೆದಿತ್ತು,
ನನ್ನ ಮೀಟರೂ ಅದನ್ನೇ ಹೇಳಿತು.
ಬರೆದದ್ದೂ ಅಳೆದದ್ದೂ ಒಂದೇ ಆಗೋದನ್ನ
ಈ ಬೆಂಚಿನ ಮೇಲೆ ನಾನು ಕಂಡದ್ದು ಕಡಿಮೆ.
ಬ್ಯಾಟರಿ ಸಾವಿರ ಅಂತಾರೆ, ನಿಜಕ್ಕೆ ಎಂಟುನೂರು ಚಿಲ್ಲರೆ;
ಎಲ್ಲರೂ ಮಾಡುವ ಮೋಸ, ಬಿಡಿ.
ಚಾರ್ಜಿಂಗ್ ತೂತು ಅಲ್ಲಾಡುತ್ತೆ, ಎರಡು ಚುಕ್ಕೆ ಬೆಸುಗೆ ಸಾಕು.
ಮಕ್ಕಳ ಕೈಗೆ ಸಿಕ್ಕರೆ ಅಂತ ಬೀಗ, ಐದು ಸಲ ಒತ್ತಬೇಕು.
ಎಂಟು ಸೆಕೆಂಡು ಮೀರಿ ಎಳೆದರೆ ತಾನೇ ನಿಲ್ಲುತ್ತೆ,
ಸಾಕು ಮಾರಾಯ, ಅಂತ ಗುರ್ ಅನ್ನುತ್ತೆ.

ಇಷ್ಟು ಕಾಳಜಿ.

ಬೆಂಚಿನ ಆ ತುದಿಯಲ್ಲಿ ಜವರಪ್ಪನ ನೆಬುಲೈಸರ್.
ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಆಲೂಗಡ್ಡೆ ಮೂಟೆ ಹೊತ್ತವರು,
ಧೂಳು ಕುಡಿದು ಎದೆ ಸಿಳ್ಳೆ ಹಾಕುತ್ತೆ.
ಇದಕ್ಕೆ ಪರದೆ ಇಲ್ಲ. ಬಣ್ಣ, ಹಳದಿಗೆ ತಿರುಗಿದ ಬಿಳಿ.
ಪೈಪಿಗೆ ಸೆಲ್ಲೋಟೇಪು, ಸದ್ದು ಹಿಟ್ಟಿನ ಗಿರಣಿದು,
ಕರೆಂಟು ಹೋದರೆ ಇದೂ ಹೋಯಿತು.
ಅದೂ ದ್ರವವನ್ನ ಮಂಜು ಮಾಡುತ್ತೆ, ಇದೂ ಮಾಡುತ್ತೆ,
ಅದು ಕಾಸಿ, ಇದು ಗಾಳಿಯಲ್ಲಿ ಒಡೆದು.
ಅಕ್ಕಪಕ್ಕ ಇಟ್ಟು ನೋಡಿದೆ.
ಬುದ್ಧಿವಂತರೆಲ್ಲ ಯಾರ ಮನೆ ಕೂಲಿಗೆ ಹೋದರು
ಅಂತ ಕೇಳೋಣ ಅನ್ನಿಸಿತು. ಯಾರನ್ನ ಕೇಳೋದು.

ಹುಡುಗ ಗುಂಡಿ ಒತ್ತಿದ, ಪರದೆಯಲ್ಲಿ ಅಂಕಿ.
ಹದಿನಾಲ್ಕು ಸಾವಿರದ ಆರುನೂರ ಎರಡು.
'ಪಫ್ ಕೌಂಟ್ ಅಂಕಲ್. ಹಿಂದಿನವನದು.'
ನಾನೂ ಇಪ್ಪತ್ತೆರಡು ವರ್ಷ ಬೀಡಿ ಸೇದಿದವನು,
ಲೆಕ್ಕ ಇಟ್ಟವರಿಲ್ಲ. ಗೋಡೆಯ ಸುಣ್ಣ ಸ್ವಲ್ಪ ಇಟ್ಟಿತ್ತು,
ಹೆಂಡತಿ ಸ್ವಲ್ಪ.
'ಸೊನ್ನೆಗೆ ತರಬಹುದಾ?'
ಮೂರು ಸಲ ಒತ್ತಿದರೆ ಸೊನ್ನೆಯಂತೆ.
ಅದನ್ನ ನೀನೇ ಒತ್ತಿಕೊ ಅಂದೆ.

ಎಳೆಯದೆ ಹೇಗೆ ಹೇಳ್ತೀರಿ, ಅಂದ. ಅದೂ ಸರಿ.
ಸ್ಪಿರಿಟ್ಟಿನಲ್ಲಿ ಒರೆಸಿ ಎಳೆದೆ.
ಮಾವು ಅಂತ ಬರೆದಿತ್ತು. ರಸಪುರಿಯಲ್ಲ, ಬಾದಾಮಿಯಲ್ಲ,
ಯಾವ ಮರದ ಪರಿಚಯವೂ ಇಲ್ಲದ ಮಾವು.
ಕೆಮ್ಮಿದೆ, ಕಣ್ಣಲ್ಲಿ ನೀರು.
ಆರುನೂರ ಮೂರು.

ಆಗಲೇ ಜವರಪ್ಪ ಬಂದರು, ಒಂದೊಂದು ಮೆಟ್ಟಿಲಿಗೂ ನಿಂತು.
'ಏನೋ ಹಣ್ಣಿನ ಗಮ' ಅಂದರು, ಮೂಗು ಅರಳಿಸಿ.
ಹುಡುಗ ಕರ್ಚೀಫು ಮುಚ್ಚಿದ, ಸ್ಟೂಲು ಸರಿಸಿ ಕೊಟ್ಟ.
ಮಾಸ್ಕು ಕಟ್ಟಿದೆ. ಗಿರಣಿ ಶುರುವಾಯಿತು.
ಮೀಸೆಯ ಎರಡೂ ಬದಿಗೆ ಬಿಳಿ ಆವಿ.
'ಇದು ಎಷ್ಟು ಪಫ್ ಬರುತ್ತೆ?' ಅಂತ ಕೇಳಿದ, ತಮಾಷೆಗಲ್ಲ.
ಜವರಪ್ಪ ಐದು ಬೆರಳು ಎತ್ತಿ ತೋರಿಸಿದರು,
ನಿಮಿಷವೋ ವರ್ಷವೋ, ಆ ಸದ್ದಿನಲ್ಲಿ ಕೇಳಿಸಲಿಲ್ಲ.

ಬೆಲೆ ಹೇಳಬೇಕಿತ್ತು.
'ತಗೋಬೇಡ. ಕಾಯಿಲ್ ಸುಟ್ಟಿದೆ' ಅಂದೆ.
ಮೀಟರಿನ ಮುಖ ಕೆಳಗೆ ಮಾಡಿಟ್ಟೆ.